ರಂಗೋಲಿ ಜಾಗದ ಎಣ್ಣೆ ಕಲೆ: ಹಳೇ ಮಾರುತಿ 800ರ ಆಯಿಲ್ ಲೀಕ್ ಮನೆಯಲ್ಲೇ ಹುಡುಕಿದ್ದು

ನಮ್ಮನೆಯ ಮಾರುತಿ 800 1996ರದ್ದು. ಅಪ್ಪ ಕೊಂಡಿದ್ದು, ಕಾರ್ಬ್ಯುರೇಟರ್ ಗಾಡಿ. ರಾತ್ರಿ ಅದು ನಿಲ್ಲುವುದು ಅಂಗಳದಲ್ಲಿ, ತುಳಸಿಕಟ್ಟೆ ಎದುರು. ಒಂದು ಬೆಳಿಗ್ಗೆ ನಾನು ಗಾಡಿ ಹಿಂದಕ್ಕೆ ತೆಗೆದು ಇನ್ನೂ ಗೇಟು ದಾಟಿಲ್ಲ, ಅಮ್ಮ ನೀರಿನ ಚೊಂಬು ಹಿಡಿದುಕೊಂಡೇ ಕೂಗಿದಳು: "ಲೋ, ನಾನು ರಂಗೋಲಿ ಹಾಕೋ ಜಾಗದಲ್ಲೇ ನಿನ್ನ ಗಾಡಿ ಮತ್ತೆ ಉಚ್ಚೆ ಹೊಯ್ದಿದೆ. ಇಳಿದು ಬಂದು ಒರೆಸು."

ಇಳಿದು ನೋಡಿದರೆ ಅಂಗೈಯಗಲ ಕಪ್ಪು ಕಲೆ. ಬಗ್ಗಿ ಟಾರ್ಚ್ ಬಿಟ್ಟೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದ ಕೆಳತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು. ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಅದೇ ಹನಿಯನ್ನು ಬೆರಳಲ್ಲಿ ಒರೆಸಿ, "ಹಿಂದಿನ ಸೀಲ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸ್ಬೇಕು" ಅಂದರು. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಗೇರ್‌ಬಾಕ್ಸ್ ಕಡೆ ಹೊರಬರುವಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲ್ ಅದು. ಇಳಿಸಿದರು. ಇಳಿಸಿದ ಮೇಲೆ ಕ್ಲಚ್ ಪ್ಲೇಟೂ ಹಾಕಿಬಿಡೋಣ ಅಂದರು, ಹಾಕಿಸಿದೆ. ಎರಡು ದಿನ ಗಾಡಿ ಅಲ್ಲೇ. ಮನೆಗೆ ತಂದ ಎಂಟನೇ ದಿನ ಅದೇ ಜಾಗದಲ್ಲಿ ಅದೇ ಕಲೆ.

ಹೋಗಿದ್ದು ಇಪ್ಪತ್ತು ರೂಪಾಯಿಯ ರಬ್ಬರ್ ಬಳೆ. ಅದು ಇದ್ದದ್ದು ಎಂಜಿನ್ನಿನ ಅಡಿಯಲ್ಲಲ್ಲ, ತಲೆಯಲ್ಲಿ. ಮೇಸ್ತ್ರಿ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಅವರು ಹನಿ ನೋಡಿದರು, ಹನಿ ಎಲ್ಲಿಂದ ಹೊರಟಿತು ಅಂತ ನೋಡಲಿಲ್ಲ. ನಾನೂ ನೋಡಿರಲಿಲ್ಲ. ಆಮೇಲೆ ನಾನೇ ಅಂಗಳದಲ್ಲಿ ಕೂತು ಹುಡುಕಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. 800ರ ಲೆಕ್ಕದಲ್ಲಿ ಬರೆದಿದ್ದರೂ ಹಳೇ ಪೆಟ್ರೋಲ್ ಗಾಡಿ ಯಾವುದಾದರೂ ಹೆಚ್ಚುಕಡಿಮೆ ದಾರಿ ಇದೇ.

ಮೊದಲು, ಅದು ಎಂಜಿನ್ ಆಯಿಲ್ಲೇ ಹೌದಾ?

ಬಿಳಿ ಕಾಗದಕ್ಕೆ ಒಂದು ಹನಿ ಮುಟ್ಟಿಸಿ ನೋಡಿ. ಎಂಜಿನ್ ಆಯಿಲ್ ಆದರೆ ಕಂದು ಅಥವಾ ಕಪ್ಪು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಪಕ್ಕದಲ್ಲಿ ಒರೆಸಿದರೆ ಅದೇ ಬಣ್ಣ. ಗೇರ್ ಆಯಿಲ್ ದಪ್ಪ, ವಾಸನೆ ಗಂಧಕದ್ದು. ಹಳಸಿದ ಬೆಳ್ಳುಳ್ಳಿ ನೆನಪಾಗುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಅದು ಮುಂದಿನ ಚಕ್ರದ ಒಳಬದಿಗೆ ಬೀಳುತ್ತಿದ್ದರೆ ಡ್ರೈವ್‌ಶಾಫ್ಟ್ ಸೀಲ್ ನೋಡಬೇಕು, ಈ ಬರಹದ ದಾರಿಯಲ್ಲ. ಹಸಿರೋ ಕೆಂಪೋ ನೀರಿನಂಥದ್ದು ಕೂಲಂಟ್. ತೆಳ್ಳಗೆ, ಬಣ್ಣ ಕಡಿಮೆ, ಬೆರಳಲ್ಲಿ ವಿಪರೀತ ಜಾರುತ್ತಿದ್ದು ಚಕ್ರದ ಹತ್ತಿರವೋ ಪೆಡಲಿನ ಹತ್ತಿರವೋ ಇದ್ದರೆ ಬ್ರೇಕ್ ಆಯಿಲ್. ಆಗ ಗಾಡಿ ಓಡಿಸುವುದನ್ನೇ ನಿಲ್ಲಿಸಿ.

ಇನ್ನೊಂದು ಮಾತು. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗುರುತು ದಾಟಿ ಆಯಿಲ್ ಇದೆಯಾ ನೋಡಿ. 800ಕ್ಕೆ ಮೂರು ಲೀಟರೂ ಬೇಕಾಗುವುದಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಮೂರೂವರೆ ಲೀಟರಿನ ಡಬ್ಬಿ ತಂದು, ಉಳಿಸಿ ಏನು ಮಾಡುವುದು ಅಂತ ಪೂರ್ತಿ ಸುರಿದವರನ್ನು ನೋಡಿದ್ದೇನೆ. ಹೆಚ್ಚಾದ ಆಯಿಲ್ ಸೀಲುಗಳ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಹೀಗಿದ್ದರೆ ಮೊದಲು ಹೆಚ್ಚಿನದ್ದನ್ನು ಇಳಿಸಿ, ವಾರ ಓಡಿಸಿ, ಆಮೇಲೆ ಲೀಕಿನ ಮಾತು.

ರಟ್ಟು ಹಾಸಿ ಹನಿ ಎಣಿಸಿ

ಟಿವಿಯೋ ಫ್ರಿಜ್ಜೋ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚಿ, ಎಂಜಿನ್ನಿನ ಅಡಿಗೆ ತಳ್ಳಿ. ಮುಂದಿನ ಎರಡು ಚಕ್ರ ಎಲ್ಲಿವೆ ಅಂತ ಪೆನ್ನಲ್ಲಿ ಗೆರೆ ಎಳೆದು, ಗಾಡಿಯ ಮೂತಿ ಯಾವ ಕಡೆ ಅಂತ ಬಾಣ ಹಾಕಿ. ಬೆಳಿಗ್ಗೆ ಹನಿ ಎಣಿಸಿ. ಟೈಮಿಂಗ್ ಬೆಲ್ಟ್ ಇರುವ ಬದಿಗೆ ಬಿದ್ದಿದೆಯೋ, ಗೇರ್‌ಬಾಕ್ಸ್ ಬದಿಗೋ, ನಡುವಿಗೋ ಅಂತ ಗೊತ್ತಾದರೆ ಅರ್ಧ ಎಂಜಿನ್ ಲೆಕ್ಕದಿಂದ ಹೊರಗೆ.

ಹನಿಯ ಲೆಕ್ಕದಿಂದ ಇನ್ನೊಂದು ಲಾಭ ಇದೆ. ಸುಮಾರು 20 ಹನಿಗೆ ಒಂದು ಮಿಲಿಲೀಟರ್. ರಾತ್ರಿಗೆ ಹತ್ತು ಹನಿ ಅಂದರೆ ಅರ್ಧ ಮಿಲಿ, ತಿಂಗಳಿಗೆ 15 ಮಿಲಿ, ಅಂದರೆ ಮೂರು ಚಮಚ. ಓಡುವಾಗ ಇನ್ನೂ ಹೆಚ್ಚು ಸೋರುತ್ತದೆ, ನಿಜ. ಆದರೆ ತಿಂಗಳಿಗೆ ಅರ್ಧ ಲೀಟರ್ ತುಂಬಿಸುತ್ತಿದ್ದೀರಿ, ಗಾಡಿಯ ಹೊಟ್ಟೆ ಮಾತ್ರ ಒಣಗಿದೆ ಎಂದಾದರೆ ಆಯಿಲ್ ಸೋರುತ್ತಿಲ್ಲ, ಸುಡುತ್ತಿದೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದು ಉಸಿರು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ. ಏರು ಹತ್ತುವಾಗ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗ್ ಮೇಲೆ. ಪ್ಯಾಕಿಂಗ್ (ಎರಡು ಭಾಗ ಕೂಡುವಲ್ಲಿ ಎಣ್ಣೆ ತಡೆಯುವ ಪಟ್ಟಿ) ಬದಲಿಸಿ ಅದನ್ನು ನಿಲ್ಲಿಸಲು ಆಗುವುದಿಲ್ಲ.

ತೊಳೆಯದೆ ಹುಡುಕಬೇಡಿ

ಇದೊಂದನ್ನು ಎಲ್ಲರೂ ಹಾರಿಸುತ್ತಾರೆ. ಇಪ್ಪತ್ತು ವರ್ಷದ ಎಂಜಿನ್ನಿಗೆ ಎಣ್ಣೆ, ಧೂಳು ಸೇರಿ ಕರಿ ಕಡುಬಿನ ಹಾಗೆ ಮೆತ್ತಿಕೊಂಡಿರುತ್ತದೆ. ಅದರಲ್ಲಿ ಹೊಸ ಸೋರಿಕೆ ಯಾವುದು, ಹಳೆಯದು ಯಾವುದು ಅಂತ ಬ್ರಹ್ಮನಿಗೂ ತಿಳಿಯುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿಯ ಕರೆಂಟ್ ಹಂಚುವ ಭಾಗ), ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿ ಇವಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ. ಮೊದಲು ಹಳೇ ಸ್ಕ್ರೂಡ್ರೈವರ್‌ನಲ್ಲಿ ಕೆರೆದು, ಆಮೇಲೆ ಡೀಸೆಲ್ ಮತ್ತು ಬಣ್ಣದ ಬ್ರಷ್. ಮೊದಲೆಲ್ಲ ಸೀಮೆಎಣ್ಣೆ ಸಿಗುತ್ತಿತ್ತು, ಈಗ ರೇಷನ್ ಅಂಗಡಿಯಲ್ಲೂ ಕಾಣೆ. ಕೊನೆಗೆ ಸೋಪಿನ ಪುಡಿ ನೀರು, ಬನಿಯನ್ ವೇಸ್ಟಿನಲ್ಲಿ ಒರೆಸುವುದು. ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಪೈಪ್ ಬೇಡ. ಹಳೇ ಸೀಲಿನ ಸಂದಿಗೆ ನೀರು ನುಗ್ಗಿ, ಗಾಡಿ ಸ್ಟಾರ್ಟ್ ಆಗದೆ ಅರ್ಧ ದಿನ ಕೂತ ಅನುಭವ ನನಗಿದೆ. ಡೀಸೆಲ್ ಪೂರ್ತಿ ಆರುವವರೆಗೆ ಸ್ಟಾರ್ಟ್ ಮಾಡಬೇಡಿ.

ಒಣಗಿದ ಮೇಲೆ ಅಮ್ಮನ ಮುಖದ ಪೌಡರ್. ನಗಬೇಡಿ. ಟ್ಯಾಪೆಟ್ ಕವರಿನ (ಎಂಜಿನ್ನಿನ ನೆತ್ತಿಯ ಮುಚ್ಚಳ) ಅಂಚು, ಡಿಸ್ಟ್ರಿಬ್ಯೂಟರಿನ ಬುಡ, ಆಯಿಲ್ ಫಿಲ್ಟರಿನ ಸುತ್ತ, ಚೇಂಬರಿನ (ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಅಂಚು, ಎಲ್ಲ ಕಡೆ ಪೌಡರ್ ಉದುರಿಸಿ. ಐದಾರು ಕಿಲೋಮೀಟರ್ ಓಡಿಸಿ ಬಂದು, ಎಂಜಿನ್ ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿ. ಎಣ್ಣೆ ತಾಗಿದ ಕಡೆ ಪೌಡರ್ ಒದ್ದೆಯಾಗಿ ಗೆರೆ ಮೂಡಿರುತ್ತದೆ. ಕಣ್ಣು ಹೋಗದ ಸಂದಿಗೆ ಮೊಬೈಲ್ ತೂರಿಸಿ ವಿಡಿಯೋ ಮಾಡಿಕೊಳ್ಳಿ.

ಗೆರೆಯ ಕೆಳತುದಿ ನಿಮಗೆ ಬೇಡ. ಬೆರಳನ್ನು ಗೆರೆಯ ಮೇಲಿಟ್ಟು ಮೇಲಕ್ಕೆ ಹೋಗಿ, ಒದ್ದೆ ಎಲ್ಲಿ ಶುರುವಾಗಿದೆಯೋ ಆ ಜಾಗ ಬೇಕು. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಹೆಂಚಿನ ಮನೆಯಲ್ಲಿ ಮಳೆಗಾಲಕ್ಕೆ ಹಾಸಿಗೆ ಮೇಲೆ ನೀರು ತೊಟ್ಟಿಕ್ಕಿದರೆ ಒಡೆದ ಹೆಂಚು ನೇರ ತಲೆಯ ಮೇಲೆ ಇರುವುದಿಲ್ಲ, ನೀರು ರೀಪಿನ ಗುಂಟ ಎರಡು ಮಾರು ಹರಿದು ಬಂದಿರುತ್ತದೆ. ಇದೂ ಹಾಗೆಯೇ.

ಪ್ಯಾಕಿಂಗ್ ಬಿಚ್ಚುವ ಮುಂಚೆ ಎಂಜಿನ್ನಿನ ಉಸಿರು ನೋಡಿ

ಒಂದೇ ಕಡೆಯಲ್ಲ, ಮೂರ್ನಾಲ್ಕು ಕಡೆ ಒಟ್ಟಿಗೆ ಜಿನುಗುತ್ತಿದ್ದರೆ ಎಲ್ಲ ಸೀಲೂ ಒಂದೇ ದಿನ ಸತ್ತವು ಅಂದುಕೊಳ್ಳಬೇಡಿ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಹೊಗೆ ಕೆಳಗೆ ನುಸುಳುವುದು ಯಾವ ಎಂಜಿನ್ನಿಗೂ ಇದ್ದದ್ದೇ. ಅದು ಹೊರಗೆ ಹೋಗಲೆಂದು ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರ್ ಡಬ್ಬಿಗೆ ಒಂದು ಬ್ರೀದರ್ ಹೋಸ್ ಇರುತ್ತದೆ. ಆ ಹೋಸ್ ಮಸಿ ಕಟ್ಟಿಕೊಂಡರೆ, ಮಡಚಿಕೊಂಡರೆ, ಒಳಗೆ ಒತ್ತಡ ಏರಿ ಎಲ್ಲೆಲ್ಲಿ ರಬ್ಬರ್ ಸೊರಗಿದೆಯೋ ಅಲ್ಲೆಲ್ಲ ಎಣ್ಣೆ ತಳ್ಳುತ್ತದೆ.

ಹೋಸ್ ಕಳಚಿ, ಬಾಯಿಂದಲ್ಲ, ಸೈಕಲ್ ಪಂಪಿನಿಂದ ಗಾಳಿ ಊದಿ ನೋಡಿ. ಕಟ್ಟಿದ್ದರೆ ತೊಳೆಯಿರಿ, ಮೆತ್ತಗಾಗಿದ್ದರೆ ಬದಲಿಸಿ. ಪಿಸಿವಿ ವಾಲ್ವ್ (ಈ ಹೊಗೆಯ ದಾರಿಯಲ್ಲಿರುವ ಕವಾಟ) ಇರುವ ಗಾಡಿಯಲ್ಲಿ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕಟಕಟ ಅನ್ನಬೇಕು.

ಆಮೇಲೆ ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಸಡಿಲ ಮಾಡಿ, ಬಾಯಿಯ ಮೇಲೆ ಹಾಗೇ ಬಿಡಿ. ಒಂದೆರಡು ಹನಿ ಸಿಡಿಯಬಹುದು, ಮುಖ ದೂರ ಇರಲಿ. ಮುಚ್ಚಳ ಸುಮ್ಮನೆ ಕೂತರೆ ಚಿಂತೆ ಇಲ್ಲ. ಇಡ್ಲಿ ಪಾತ್ರೆಯ ಮುಚ್ಚಳದಂತೆ ಕುಣಿದು ಬುಸುಬುಸು ಹೊಗೆ ಬಂದರೆ, ಹೋಸೂ ಸರಿಯಾಗಿದ್ದರೆ, ರಿಂಗ್ ಸವೆದಿದೆ. ಅಂಥ ಎಂಜಿನ್ನಿಗೆ ಎಷ್ಟು ಸೀಲ್ ಹಾಕಿದರೂ ಆರು ತಿಂಗಳು.

ಟ್ಯಾಪೆಟ್ ಕವರ್

ಮೇಲಿಂದ ಕೆಳಕ್ಕೆ ಬನ್ನಿ. ಹಳೇ ಗಾಡಿಯಲ್ಲಿ ಮೊದಲು ಸೋಲುವುದು ಟ್ಯಾಪೆಟ್ ಕವರಿನ ಪ್ಯಾಕಿಂಗ್. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಕೊಳವೆ) ಕಡೆ ಸೋರಿದರೆ ಸಿಗ್ನಲ್ಲಿನಲ್ಲಿ ನಿಂತಾಗ ಸುಟ್ಟ ಎಣ್ಣೆಯ ವಾಸನೆ ಒಳಗೆ ಬರುತ್ತದೆ. ಅದನ್ನು ತಡ ಮಾಡಬೇಡಿ, ಕಾದ ಮ್ಯಾನಿಫೋಲ್ಡಿನ ಮೇಲೆ ಎಣ್ಣೆ ಬಿದ್ದರೆ ಹೊತ್ತಿಕೊಳ್ಳಲೂಬಹುದು.

ಮೇಸ್ತ್ರಿಗಳು ಸಾಮಾನ್ಯವಾಗಿ ಮಾಡುವುದು ಬೋಲ್ಟ್ ಇನ್ನೊಂದು ಸುತ್ತು ಬಿಗಿ ಮಾಡುವುದು. ಗಟ್ಟಿಯಾದ ರಬ್ಬರ್ ಬಿಗಿ ಮಾಡಿದರೆ ಮೆತ್ತಗಾಗುವುದಿಲ್ಲ. ಕವರ್ ತಗಡಿನದಾಗಿದ್ದರೆ ಬೋಲ್ಟಿನ ತೂತಿನ ಸುತ್ತ ತಗ್ಗು ಬಿದ್ದು ಲೀಕ್ ಹೆಚ್ಚುತ್ತದೆ. ಕವರಿನ ಅಡಿಯಲ್ಲಿರುವ ಹೆಡ್ ಅಲ್ಯುಮಿನಿಯಂ, ಥ್ರೆಡ್ ಹೋದರೆ ಇನ್ನೊಂದು ತಲೆನೋವು.

ಕವರ್ ತೆಗೆದು, ಹಳೇ ಪ್ಯಾಕಿಂಗ್ ಪ್ಲಾಸ್ಟಿಕ್ ಚೂರಿನಿಂದ ಕೆರೆಯಿರಿ, ಬ್ಲೇಡ್ ಬೇಡ. ಒಂದು ಚೂರೂ ಒಳಗೆ ಬೀಳಬಾರದು. ಎರಡೂ ಅಂಚನ್ನು ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಆರಿಸಿ. ಕವರನ್ನು ಗಾಜಿನ ಮೇಲೆ ಬೋರಲು ಹಾಕಿ, ಅಲ್ಲಾಡಿದರೆ ಅಂಚು ಸೊಟ್ಟಗಿದೆ ಎಂದು ಅರ್ಥ. ಹೊಸ ರಬ್ಬರ್ ಪ್ಯಾಕಿಂಗ್ ಒಣಗಿಯೇ ಕೂರಬೇಕು. ಅನಾಬಾಂಡ್ (ಸಂದಿ ಮುಚ್ಚುವ ಅಂಟು) ಬೇಕಾಗುವುದು ಮೂಲೆಗಳಲ್ಲಿ ಮಾತ್ರ, ಅದೂ ಅಕ್ಕಿಕಾಳಿನಷ್ಟು. ಟ್ಯೂಬ್ ಖಾಲಿ ಮಾಡಿದವರ ಎಂಜಿನ್ನಿನಲ್ಲಿ ಒಳಕ್ಕೆ ಪಿಚ್ಚಿದ ಅನಾಬಾಂಡ್ ಚೂರಾಗಿ ಕಿತ್ತು, ಚೇಂಬರಿನ ಜಾಲರಿಗೆ ಹೋಗಿ ಕೂರುತ್ತದೆ, ಆಮೇಲೆ ಆಯಿಲ್ ಪ್ರೆಶರ್ ಇಲ್ಲ ಅನ್ನುತ್ತಾರೆ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಕೂರಿಸಿ. ರಾಚೆಟ್ಟಿನ ಹಿಡಿಯನ್ನು ಹಿಡಿಯಬೇಡಿ, ಕತ್ತನ್ನು ಹಿಡಿದು ತಿರುಗಿಸಿ, ಕೈ ತಾನೇ ಮಿತಿಯಲ್ಲಿರುತ್ತದೆ.

ಡಿಸ್ಟ್ರಿಬ್ಯೂಟರ್, ಅಂದರೆ ನನ್ನ ಕಳ್ಳ

ಈ 796 ಸಿಸಿ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಹೆಡ್ಡಿನಲ್ಲಿದೆ. ಅದರ ಒಂದು ತುದಿಗೆ ಟೈಮಿಂಗ್ ಬೆಲ್ಟ್, ಇನ್ನೊಂದು ತುದಿಯಲ್ಲಿ ಡಿಸ್ಟ್ರಿಬ್ಯೂಟರ್. ಆ ಇನ್ನೊಂದು ತುದಿ ಇರುವುದು ಗೇರ್‌ಬಾಕ್ಸಿನ ನೆತ್ತಿಯ ಮೇಲೆ. ಡಿಸ್ಟ್ರಿಬ್ಯೂಟರಿನ ಕತ್ತಿನಲ್ಲಿ ಒಂದು ಓ-ರಿಂಗ್, ಮೊದಲೇ ಹೇಳಿದ ರಬ್ಬರ್ ಬಳೆ. ಅದು ಸೋರಿದರೆ ಎಣ್ಣೆ ಹೆಡ್ಡಿನ ಹಿಂಬದಿಯಿಂದ ಇಳಿದು, ಗೇರ್‌ಬಾಕ್ಸಿನ ಗಂಟೆಯಾಕಾರದ ಭಾಗದ ಮೇಲೆ ಹರಿದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಗೆರೆ ಹಿಡಿದು ತಳಕ್ಕೆ ಬರುತ್ತದೆ. ಹಿಂದಿನ ಕ್ರ್ಯಾಂಕ್ ಸೀಲ್ ಸೋರಿದರೆ ಎಲ್ಲಿ ಹನಿಯುತ್ತದೋ ಸರಿಯಾಗಿ ಅಲ್ಲೇ ಇದೂ ಹನಿಯುತ್ತದೆ.

ಪೌಡರ್ ಹಾಕಿ ಓಡಿಸಿ ಬಂದ ದಿನ ಡಿಸ್ಟ್ರಿಬ್ಯೂಟರಿನ ಬುಡದಲ್ಲಿ, ಕೆಳಮುಖದಲ್ಲಿ, ಕಡ್ಡಿಪೆಟ್ಟಿಗೆಯಗಲ ಒದ್ದೆ ಕಂಡಿತು. ಅದರ ಮೇಲಿದ್ದ ಟ್ಯಾಪೆಟ್ ಕವರಿನ ಅಂಚು ಒಣ ಬಿಳಿ. ಸಿಕ್ಕಿಬಿದ್ದ.

ಬಿಚ್ಚುವುದು ಕಷ್ಟವಲ್ಲ, ಗುರುತು ಹಾಕದೆ ಬಿಚ್ಚಿದರೆ ಮಾತ್ರ ಗೋಳು. ಕ್ಯಾಪಿನಿಂದ ಪ್ಲಗ್ ವೈರು ಕೀಳಬೇಡಿ, ವೈರಿನ ಸಮೇತ ಕ್ಯಾಪ್ ಬಿಚ್ಚಿ ಪಕ್ಕಕ್ಕಿಡಿ. ಕ್ಯಾಪಿನ ಅಡಿಯಲ್ಲಿ ತಿರುಗುವ ರೋಟರಿನ ಮೂತಿ ಎತ್ತ ನೋಡುತ್ತಿದೆ ಅಂತ ಒಂದು ಗೆರೆ, ಡಿಸ್ಟ್ರಿಬ್ಯೂಟರಿನ ಮೈ ಮತ್ತು ಅದು ಕೂತ ಕೇಸ್ ಎರಡರ ಮೇಲೂ ಹಾಯುವಂತೆ ಇನ್ನೊಂದು ಗೆರೆ. ತಂಗಿಯ ಉಗುರುಬಣ್ಣ ಚೆನ್ನಾಗಿ ನಿಲ್ಲುತ್ತದೆ. ಫೋಟೋನೂ ತೆಗೆಯಿರಿ. ಬೋಲ್ಟ್ ತೆಗೆದು ಮೆಲ್ಲಗೆ ಎಳೆಯುವಾಗ ರೋಟರ್ ತುಸು ತಿರುಗುತ್ತದೆ, ಒಳಗಿನ ಗೇರಿನ ಹಲ್ಲು ಓರೆ. ತಿರುಗಿ ನಿಂತ ಜಾಗಕ್ಕೂ ಒಂದು ಚುಕ್ಕೆ ಇಡಿ. ಮತ್ತೆ ಕೂರಿಸುವಾಗ ಈ ಚುಕ್ಕೆಯಿಂದ ಶುರು ಮಾಡಿದರೆ ಅದು ತಾನೇ ತಿರುಗಿ ಮೊದಲ ಗೆರೆಗೆ ಬಂದು ನಿಲ್ಲುತ್ತದೆ. ಡಿಸ್ಟ್ರಿಬ್ಯೂಟರ್ ಹೊರಗಿರುವಾಗ ಕೀ ತಿರುಗಿಸುವುದು, ಗೇರಿಗೆ ಹಾಕಿ ಗಾಡಿ ತಳ್ಳುವುದು ಎರಡೂ ಕೂಡದು.

ನನ್ನ ಗಾಡಿಯ ಓ-ರಿಂಗ್ ಹೊರಗೆ ಬಂದಾಗ ದುಂಡಗಿರಲಿಲ್ಲ, ಚಪ್ಪಟೆ. ಉಗುರು ಒತ್ತಿದರೆ ಕರಟದ ಚೂರಿನಂತೆ ಟಕ್ ಅಂತ ಮುರಿಯಿತು. ರಬ್ಬರಿಗೆ ಕಿಲೋಮೀಟರಿಗಿಂತ ವರ್ಷ ದೊಡ್ಡದು. 800 ತಯಾರಾಗುವುದು 2014ರ ಜನವರಿಯಲ್ಲಿ ನಿಂತಿತು, ಹಾಗಾಗಿ ಅತಿ ಹೊಸ 800ರ ರಬ್ಬರೂ ಹತ್ತು ವರ್ಷ ದಾಟಿದೆ. ಮುರಿದ ಚೂರುಗಳನ್ನೇ ಪೊಟ್ಟಣ ಕಟ್ಟಿ ಅಂಗಡಿಗೆ ಒಯ್ದು ಅಳತೆ ಹೊಂದಿಸಿ ತಂದೆ. ಆಯಿಲ್ ಸವರಿ ಕೂರಿಸಿದೆ. ಕೇಸಿನ ಬುಡದ ಪ್ಯಾಕಿಂಗ್ ಕೂಡ ಒದ್ದೆಯಿದ್ದರೆ ಅದನ್ನೂ ಈಗಲೇ ಬದಲಿಸಿ. ಆದರೆ ಕ್ಯಾಪಿನ ಒಳಗೇ ಎಣ್ಣೆ ಕಂಡರೆ ಹೋಗಿರುವುದು ಶಾಫ್ಟಿನ ಸೀಲ್, ಹೊರಗಿನ ಓ-ರಿಂಗ್ ಬದಲಿಸಿ ಪ್ರಯೋಜನವಿಲ್ಲ.

ಗುರುತಿಗೆ ಸರಿಯಾಗಿ ಕೂತರೂ ಕಿಡಿ ಸರಿಯಾದ ಹೊತ್ತಿಗೆ ಬೀಳುತ್ತಿದೆಯಾ ಅಂತ ಒಮ್ಮೆ ಟೈಮಿಂಗ್ ಲೈಟ್ ಹಿಡಿಸಿ ನೋಡಿಸುವುದು ಒಳ್ಳೆಯದು. ಅಷ್ಟಕ್ಕೆ ಗ್ಯಾರೇಜಿಗೆ ಹೋಗಿ, ಬೇಸರ ಬೇಡ.

ಕೆಳಗಿನವು

ಆಯಿಲ್ ಪ್ರೆಶರ್ ಸ್ವಿಚ್ ಚಿಕ್ಕದು, ಫಿಲ್ಟರ್ ಹತ್ತಿರ. ಅದರ ವೈರಿನ ಟೋಪಿ ಎಳೆದಾಗ ಒಳಗೆ ಎಣ್ಣೆ ಇದ್ದರೆ ಸ್ವಿಚ್ಚೇ ಸೋರುತ್ತಿದೆ, ಹೊಸದು ಹಾಕಿ.

ಫಿಲ್ಟರ್ ಬದಲಿಸಿದ ಮಾರನೇ ದಿನವೇ ಲೀಕ್ ಶುರುವಾಯಿತೇ? ಹಳೇ ಫಿಲ್ಟರಿನ ರಬ್ಬರ್ ಬಳೆ ಬ್ಲಾಕಿಗೆ ಅಂಟಿಕೊಂಡು, ಅದರ ಮೇಲೆ ಹೊಸದು ಕೂತಿರಬಹುದು. ಇದು ಹನಿಯಲ್ಲ, ಧಾರೆ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಹತ್ತಿದರೆ ಮನೆ ಹತ್ತಿರವೇ ಇದೆ ಅಂತ ಓಡಿಸಬೇಡಿ, ಅಲ್ಲೇ ಎಂಜಿನ್ ನಿಲ್ಲಿಸಿ. ಹೊಸ ಫಿಲ್ಟರ್ ಕೈಯಲ್ಲೇ ತಿರುಗಿಸಿ, ರಬ್ಬರ್ ಮುಟ್ಟಿದ ಮೇಲೆ ಮುಕ್ಕಾಲು ಸುತ್ತು ಸಾಕು.

ಡ್ರೈನ್ ಬೋಲ್ಟಿನ ವಾಷರ್ ಒಂದು ಸಲ ಜಜ್ಜಿದರೆ ಮುಗಿಯಿತು. ಪ್ರತಿ ಸಲ ಹೊಸದು ಹಾಕಿ. ಚೇಂಬರ್ ನಮ್ಮ ಹಂಪ್‌ಗಳಿಗೆ ತಾಗಿ ಒಳಕ್ಕೆ ಬಗ್ಗಿದ್ದರೆ ಅಂಚೂ ಎದ್ದಿರುತ್ತದೆ. ಇಳಿಸಿ, ಮರದ ತುಂಡಿನ ಮೇಲಿಟ್ಟು ಅಂಚು ತಟ್ಟಿ ಸಮ ಮಾಡಿ, ಅನಾಬಾಂಡ್ ಒಂದು ತೆಳು ಗೆರೆ, ಬೋಲ್ಟ್ ತೂತಿನ ಒಳಬದಿಯಿಂದ ಹಾಯುವಂತೆ. ಕೂರಿಸಿದ ಮೇಲೆ ಒಂದು ದಿನ ಬಿಟ್ಟು ಆಯಿಲ್ ತುಂಬಿ. ಕೂರಿಸಿದ ಕೂಡಲೇ ತುಂಬಿ ಸ್ಟಾರ್ಟ್ ಮಾಡುವ ಆತುರಕ್ಕೇ ಅರ್ಧ ಕೆಲಸ ಕೆಡುವುದು.

ಬೆಲ್ಟ್ ಬದಿಯಲ್ಲಿ ಒದ್ದೆಯಿದ್ದರೆ ಕ್ಯಾಮ್ ಸೀಲ್ ಅಥವಾ ಮುಂದಿನ ಕ್ರ್ಯಾಂಕ್ ಸೀಲ್. ಬೆಲ್ಟ್ ಕವರಿನ ಮೇಲ್ಭಾಗದಿಂದಲೇ ಎಣ್ಣೆ ಇದ್ದರೆ ಕ್ಯಾಮ್, ಕೆಳಗಿನ ಪುಲ್ಲಿಯ ಸುತ್ತ ಮಾತ್ರ ಸಿಡಿದಿದ್ದರೆ ಕ್ರ್ಯಾಂಕ್. ಬೆಲ್ಟ್ ಬಿಚ್ಚಿ ಗುರುತು ಕೂರಿಸುವ ಅಭ್ಯಾಸ ಇಲ್ಲದವರು ಇದನ್ನು ಮನೆಯಲ್ಲಿ ಮಾಡಬೇಡಿ. ಮಾಡಿಸುವಾಗ ಎರಡೂ ಸೀಲ್ ಒಟ್ಟಿಗೆ ಹಾಕಿಸಿ, ಎಣ್ಣೆ ಕುಡಿದ ಬೆಲ್ಟನ್ನೂ ಬದಲಿಸಿ.

ಹಿಂದಿನ ಸೀಲಿನ ಮಾತು ಕೊನೆಗೆ. ಮೇಲಿನದೆಲ್ಲ ಪೌಡರ್ ಹಾಕಿದಾಗ ಒಣಗಿಯೇ ಇದ್ದು, ಗೇರ್‌ಬಾಕ್ಸಿನ ಹೊರಮೈಯೂ ಒಣಗಿದ್ದು, ಕೂಡುವ ಜಾಗದ ಒಳಗಿನಿಂದಲೇ ಎಣ್ಣೆ ಬರುತ್ತಿದ್ದರೆ, ಆಗ ಗೇರ್‌ಬಾಕ್ಸ್ ಇಳಿಸಿ. ಏರಿನಲ್ಲಿ ಕ್ಲಚ್ ಜಾರುವುದೂ ಜೊತೆಗಿದ್ದರೆ ಅನುಮಾನ ಗಟ್ಟಿ.

ಡಬ್ಬಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ದ್ರವ ಕೇಳುವವರಿಗೆ: ಅದು ಒಣಗಿದ ರಬ್ಬರನ್ನು ಊದಿಸುತ್ತದೆ, ಕೆಲವು ತಿಂಗಳು ತಡೆಯಬಹುದು. ಮುರಿದ ಓ-ರಿಂಗಿಗೆ ಏನೂ ಮಾಡುವುದಿಲ್ಲ. ನಾನು ಹಾಕುವುದಿಲ್ಲ.

ಅಡಿಗೆ ನುಗ್ಗುವ ಮುಂಚೆ

ಗಾಡಿಯ ಜೊತೆ ಬಂದ ಜ್ಯಾಕ್ ಟೈರ್ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬೇಡಿ. ಎರಡು ಕಬ್ಬಿಣದ ಸ್ಟ್ಯಾಂಡ್ ಬೇಕು, ಗಟ್ಟಿ ನೆಲ ಬೇಕು, ಹಿಂದಿನ ಚಕ್ರಕ್ಕೆ ಕಲ್ಲು ಬೇಕು. ಇಟ್ಟಿಗೆ, ಟೊಳ್ಳು ಬ್ಲಾಕ್ ನಂಬಬೇಡಿ, ಹೇಳದೆ ಕೇಳದೆ ಪುಡಿಯಾಗುತ್ತವೆ. ಮಳೆಗಾಲದ ಮಣ್ಣಂಗಳದಲ್ಲಿ ಈ ಕೆಲಸವೇ ಬೇಡ.

ಇಳಿಸಿದ ಕರಿ ಆಯಿಲ್ಲನ್ನು ಚರಂಡಿಗೂ ತೆಂಗಿನ ಬುಡಕ್ಕೂ ಸುರಿಯಬೇಡಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳ ಭದ್ರ ಇರುವ ಕ್ಯಾನಿಗೆ ತುಂಬಿ, ಹಳೇ ಆಯಿಲ್ ಒಟ್ಟುಮಾಡಿ ಮರುಬಳಕೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ. ನಮ್ಮೂರಲ್ಲಿ ಬೇಲಿಗೂಟಕ್ಕೆ ಗೆದ್ದಲು ಹಿಡಿಯಬಾರದೆಂದು ಬಳಿಯಲು ಕೇಳಿಕೊಂಡು ಬರುವವರಿದ್ದಾರೆ, ನಾನು ಕೊಡುವುದು ಬಿಟ್ಟಿದ್ದೇನೆ.

ರಿಪೇರಿಯಾದ ಮೇಲೂ ಒಂದು ವಾರ ಹನಿ ಬೀಳಬಹುದು. ಗೇರ್‌ಬಾಕ್ಸಿನ ಸಂದಿಯಲ್ಲಿ ಉಳಿದ ಹಳೇ ಎಣ್ಣೆ ಅದು. ಇನ್ನೊಮ್ಮೆ ಒರೆಸಿ, ಹೊಸ ರಟ್ಟು ಹಾಸಿ ಎಣಿಸಿ. ನಮ್ಮದರಲ್ಲಿ ಮೊದಲ ರಾತ್ರಿ ಆರು ಹನಿ, ಮೂರನೇ ರಾತ್ರಿ ಎರಡು, ಎಂಟನೇ ದಿನ ರಟ್ಟು ಒಣ. ಅಂದಿನಿಂದ ಎರಡು ಮಳೆಗಾಲ ಕಳೆದಿದೆ, ಕಲೆ ಬಿದ್ದಿಲ್ಲ. ರಟ್ಟು ಮಾತ್ರ ಈಗಲೂ ಅಲ್ಲೇ ಇದೆ, ಅಮ್ಮ ತೆಗೆಯಲು ಬಿಟ್ಟಿಲ್ಲ.